ಪೈಥಾನ್ ಕಂಪೈಲ್ ಆಯಿತು, ಪಿಪ್ ಏಕೆ ನಡೆಯದು?

ಲಿನಕ್ಸ್ ಗಣಕಗಳಲ್ಲಿ ಪೈಥಾನ್ ಭಾಷೆಯ ಹೊಸ ಆವೃತ್ತಿಯನ್ನು ಸೋರ್ಸ್ ಕೋಡ್‌ನಿಂದಲೇ ಕಂಪೈಲ್ ಮಾಡಿಕೊಳ್ಳುವವರನ್ನು ಹೆಚ್ಚು ಕಾಡುವುದು, ದೋಷವೇ ಇಲ್ಲವೆಂಬಂತೆ ಕಾಣುವ ದೋಷ. ಕಾನ್ಫಿಗರ್ ಮುಗಿಯುತ್ತದೆ, ಮೇಕ್ ಮುಗಿಯುತ್ತದೆ, ಪೈಥಾನ್ ಚಾಲನೆಯನ್ನೂ ಪಡೆಯುತ್ತದೆ. ಪಿಪ್ ಮೂಲಕ ಏನನ್ನಾದರೂ ತರಿಸಿಕೊಳ್ಳಹೊರಟಾಗ ಮಾತ್ರ ಎಸ್‌ಎಸ್‌ಎಲ್ ಮಾಡ್ಯೂಲ್ ಲಭ್ಯವಿಲ್ಲವೆಂಬ ಸಂದೇಶ ಪರದೆಯ ಮೇಲೆ ಮೂಡುತ್ತದೆ.

ಪೈಥಾನ್‌ನ ತಿರುಳು ಸಿ ಭಾಷೆಯಲ್ಲಿದ್ದು, ಅದಕ್ಕೆ ಹೊರಗಿನ ನೆರವು ಅಷ್ಟಾಗಿ ಬೇಕಿಲ್ಲ. ಆದರೆ ಎಸ್‌ಎಸ್‌ಎಲ್, ಝಡ್‌ಲಿಬ್, ಸಿಟೈಪ್ಸ್, ಎಸ್‌ಕ್ಯೂಲೈಟ್ ಮಾಡ್ಯೂಲ್‌ಗಳು ಬೇರೆ ಲೈಬ್ರರಿಗಳನ್ನು ಆಶ್ರಯಿಸಿವೆ. ಅವು ಸಿಗದಿದ್ದರೆ ಮೇಕ್ ನಿಲ್ಲುವುದಿಲ್ಲ. ಆ ಮಾಡ್ಯೂಲನ್ನು ಕೈಬಿಟ್ಟು ಮುಂದೆ ಸಾಗುತ್ತದೆ. ಕೈಬಿಟ್ಟವುಗಳ ಪಟ್ಟಿಯನ್ನು ಕೊನೆಯಲ್ಲಿ ಕೊಡುತ್ತದೆ, ನಿಜ. ಸಾವಿರಾರು ಸಾಲುಗಳು ಸರಿದುಹೋದ ಮೇಲೆ ಅದನ್ನು ಓದುವ ತಾಳ್ಮೆ ಎಷ್ಟು ಜನರಿಗಿದೆ?

ಓಪನ್‌ಎಸ್‌ಎಸ್‌ಎಲ್ ಗಣಕದಲ್ಲಿ ಇದ್ದೇ ಇದೆಯಲ್ಲ ಎಂದು ಹಲವರು ವಾದಿಸುವುದುಂಟು. ಇರುವುದು ಕ್ರಮವಿಧಿಗಳು ಓಡಲು ಬೇಕಾದ ಭಾಗ ಮಾತ್ರ. ಕಂಪೈಲ್ ಮಾಡಲು ಹೆಡರ್ ಕಡತಗಳೂ ಬೇಕು, ಅವು ಪ್ರತ್ಯೇಕ ಪ್ಯಾಕೇಜಿನಲ್ಲಿರುತ್ತವೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅದರ ಹೆಸರು 'ಡೆವ್' ಎಂದೂ, ಫೆಡೋರಾ ಬಳಗದಲ್ಲಿ 'ಡೆವೆಲ್' ಎಂದೂ ಕೊನೆಗೊಳ್ಳುತ್ತದೆ. ಅದನ್ನು ಅಳವಡಿಸಿದ ನಂತರ ಮೇಕ್ ಒಂದನ್ನೇ ಮತ್ತೆ ನಡೆಸಿದರೆ ಸಾಲದು. ಹಳೆಯ ಫಲಿತಾಂಶಗಳನ್ನು ಅಳಿಸಿ, ಕಾನ್ಫಿಗರ್‌ನಿಂದಲೇ ಪುನಃ ಆರಂಭಿಸುವುದು ಲೇಸು.

ಕೆಲವೊಮ್ಮೆ ಹೆಡರ್ ಇದ್ದರೂ ಪ್ರಯೋಜನವಾಗದು. 2021ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.10ರಿಂದ ಮೊದಲ್ಗೊಂಡು ಓಪನ್‌ಎಸ್‌ಎಸ್‌ಎಲ್ 1.1.1 ಅಥವಾ ಅದಕ್ಕಿಂತ ಹೊಸದು ಕಡ್ಡಾಯ. ಸೆಂಟ್‌ಓಎಸ್ 7ರ ಜೊತೆಗೆ ಬಂದದ್ದು 1.0.2. ಅದರ ಬೆಂಬಲ 2024ರ ಜೂನ್‌ನಲ್ಲಿ ಮುಗಿದಿದೆ. ಅಂಥ ಹಳೆಯ ಸರ್ವರ್ ಬಿಡಲಾಗದವರು ಹೊಸ ಓಪನ್‌ಎಸ್‌ಎಸ್‌ಎಲ್ ಅನ್ನು ಬೇರೊಂದು ಕಡತಕೋಶದಲ್ಲಿ ಅಳವಡಿಸಿ, 'ವಿತ್-ಓಪನ್‌ಎಸ್‌ಎಸ್‌ಎಲ್' ಆಯ್ಕೆಯ ಮೂಲಕ ಆ ಜಾಗವನ್ನು ಕಾನ್ಫಿಗರ್‌ಗೆ ತಿಳಿಸಬೇಕು. ಓಡುವಾಗಲೂ ಅದೇ ಲೈಬ್ರರಿ ಸಿಗುವಂತೆ 'ವಿತ್-ಓಪನ್‌ಎಸ್‌ಎಸ್‌ಎಲ್-ಆರ್‌ಪಾತ್' ಆಯ್ಕೆಯನ್ನು 3.10ರಲ್ಲಿಯೇ ಸೇರಿಸಲಾಗಿದೆ.

ಕಾನ್ಫಿಗರ್ ಅರ್ಧದಲ್ಲೇ ನಿಂತರೆ 'ಕಾನ್ಫಿಗ್ ಲಾಗ್' ಕಡತವನ್ನು ತೆರೆದು ನೋಡಿರಿ. ಮೇಕ್ ನಿಂತರೆ ಕೊನೆಯ ಸಾಲಿಗಿಂತ ಮೊದಲ ದೋಷವೇ ಮುಖ್ಯ. ಹಲವು ಕೆಲಸಗಳು ಒಟ್ಟಿಗೇ ನಡೆಯುತ್ತಿದ್ದರೆ ಅದು ಎಲ್ಲೋ ಮೇಲೆ ಅಡಗಿರುತ್ತದೆ.

ಗಣಕವನ್ನೇ ಅಪಾಯಕ್ಕೆ ಒಡ್ಡಬಲ್ಲುದು ಅಳವಡಿಕೆಯ ಹಂತ. ಲಿನಕ್ಸ್‌ನ ಎಷ್ಟೋ ಆಡಳಿತ ಸಲಕರಣೆಗಳು ಅದರದೇ ಪೈಥಾನ್ ಅನ್ನು ನೆಚ್ಚಿಕೊಂಡಿವೆ. ಸೆಂಟ್‌ಓಎಸ್ 7ರ ಯಮ್ ಪೈಥಾನ್ 2ರಲ್ಲಿ ಬರೆದದ್ದು. ಪೈಥಾನ್ ಎಂಬ ಹೆಸರನ್ನು ಹೊಸ ಆವೃತ್ತಿಯತ್ತ ತಿರುಗಿಸಿದರೆ ಪ್ಯಾಕೇಜುಗಳನ್ನು ಅಳವಡಿಸುವ ದಾರಿಯೇ ಮುಚ್ಚಿಹೋಗುತ್ತದೆ. ಆದ್ದರಿಂದ 'ಮೇಕ್ ಇನ್‌ಸ್ಟಾಲ್' ಬದಲು 'ಮೇಕ್ ಆಲ್ಟ್‌ಇನ್‌ಸ್ಟಾಲ್' ಆದೇಶವನ್ನು ಬಳಸತಕ್ಕದ್ದು. ಅದು ಪೈಥಾನ್ 3.12 ಎಂಬಂತೆ ಆವೃತ್ತಿ ಸಂಖ್ಯೆಯುಳ್ಳ ಹೆಸರನ್ನಷ್ಟೇ ಸೃಷ್ಟಿಸುತ್ತದೆ. ಅದಕ್ಕೂ ಮುನ್ನ, ಕಂಪೈಲ್ ಮಾಡಿದ ಕಡತಕೋಶದಲ್ಲಿರುವ ಪೈಥಾನ್ ಅನ್ನೇ ಚಾಲೂ ಮಾಡಿ ಎಸ್‌ಎಸ್‌ಎಲ್, ಝಡ್‌ಲಿಬ್, ಸಿಟೈಪ್ಸ್‌ಗಳನ್ನು ಇಂಪೋರ್ಟ್ ಮಾಡಿ ನೋಡಬಹುದು. ಅರೆಗಳಿಗೆಯ ಕೆಲಸ.