ಪಿ.ಯು.ಸಿ. ನಂತರ ಯಾವ ಪದವಿ, ಎಲ್ಲಿಗೆ ಅರ್ಜಿ? ವ್ಯಾಪಾರಿ ಕುಟುಂಬಗಳು ಮಾಡಬೇಕಾದ ಲೆಕ್ಕ

ಒಂದು ಲೇತ್ ಯಂತ್ರ ಕೊಳ್ಳುವ ಮುನ್ನ ಸಣ್ಣ ಕೈಗಾರಿಕೋದ್ಯಮಿ ಮೂರು ಕಡೆಯಿಂದ ದರಪಟ್ಟಿ ತರಿಸುತ್ತಾನೆ. ಅದೇ ಯಂತ್ರ ಬಳಸುತ್ತಿರುವವರನ್ನು ವಿಚಾರಿಸುತ್ತಾನೆ. ಬಿಡಿಭಾಗ ಎಲ್ಲಿ ದೊರೆಯುತ್ತದೆ, ಬ್ಯಾಂಕಿನ ಕಂತು ಎಷ್ಟು, ಹೂಡಿದ ಹಣ ಎಷ್ಟು ವರ್ಷಗಳಲ್ಲಿ ಮರಳುತ್ತದೆ ಎಂದು ಲೆಕ್ಕ ಹಾಕುತ್ತಾನೆ. ಮಕ್ಕಳ ಪದವಿ ಶಿಕ್ಷಣಕ್ಕೆ ಅದಕ್ಕಿಂತ ಹೆಚ್ಚು ಹಣ ತೊಡಗಿಸುವಾಗ ಮಾತ್ರ ಈ ಜಾಗರೂಕತೆ ಅನೇಕ ಮನೆಗಳಲ್ಲಿ ಕಾಣಿಸುವುದಿಲ್ಲ. ಫಲಿತಾಂಶ ಬಂದ ವಾರದಲ್ಲಿ, ಪಕ್ಕದ ಅಂಗಡಿಯವರ ಮಗನಿಗೆ ಎಲ್ಲಿ ಸೀಟು ಸಿಕ್ಕಿತೆಂಬ ಸುದ್ದಿಯ ಮೇಲೆ ತೀರ್ಮಾನವಾಗಿಬಿಡುತ್ತದೆ. ಕಳೆದುಹೋದ ಹಣವನ್ನು ಮತ್ತೆ ಗಳಿಸಬಹುದು. ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ವರ್ಷಗಳು ಮರಳಿ ಬಾರವು. ವ್ಯಾಪಾರಸ್ಥರ ಮನೆಯಲ್ಲಿ ಇದರೊಂದಿಗೆ ಇನ್ನೊಂದು ಚಿಂತೆಯೂ ಬೆರೆತಿರುತ್ತದೆ: ಎರಡು ತಲೆಮಾರು ಬೆಳೆಸಿದ ಸಂಸ್ಥೆಯನ್ನು ಮುಂದೆ ನಡೆಸುವವರು ಯಾರು?

ಮೊದಲ ಪ್ರಶ್ನೆ

ಕಾಲೇಜುಗಳ ಪಟ್ಟಿ ಕೈಗೆತ್ತಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಓದು ಮುಗಿದ ಬಳಿಕ ಮಗ ಅಥವಾ ಮಗಳು ಮನೆಯ ಉದ್ಯಮಕ್ಕೆ ಬರುವರೇ? ಇದಕ್ಕೆ ಮೂರು ಉತ್ತರಗಳು ಸಾಧ್ಯ. ಇರುವ ವ್ಯವಹಾರವನ್ನೇ ಮುಂದುವರಿಸುವುದು, ವ್ಯವಹಾರವನ್ನು ಹೊಸ ದಿಕ್ಕಿಗೆ ಒಯ್ಯುವುದು, ಅಥವಾ ಸ್ವತಂತ್ರ ವೃತ್ತಿ ಹಿಡಿಯುವುದು. ಮೂರಕ್ಕೂ ಬೇಕಾದ ಓದು ಬೇರೆ ಬೇರೆ. ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದ ಕಾರಣ ತಂದೆ ಒಂದನ್ನು ಊಹಿಸಿಕೊಂಡು ಹಣ ಕಟ್ಟುತ್ತಾರೆ, ಮಗ ಇನ್ನೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ತರಗತಿಗೆ ಹೋಗುತ್ತಾನೆ. ವ್ಯತ್ಯಾಸ ಬಯಲಾಗುವ ಹೊತ್ತಿಗೆ ಪದವಿ ಮುಗಿದಿರುತ್ತದೆ.

ತಂದೆಯ ಎದುರು ಮಕ್ಕಳು ಮನಸ್ಸಿನ ಮಾತನ್ನು ಆಡದಿರುವುದುಂಟು. ಸೋದರಮಾವನೋ ಚಿಕ್ಕಪ್ಪನೋ ಕೇಳಿದರೆ ಉತ್ತರ ಸಿಗಬಹುದು. ಎಸ್.ಎಸ್.ಎಲ್.ಸಿ. ನಂತರದ ಬೇಸಿಗೆಯ ರಜೆಯಲ್ಲಿ ಒಂದೆರಡು ತಿಂಗಳು ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಕೂರಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ಗಿರಾಕಿಯೊಡನೆ ಮಾತಾಡುವುದು ಇಷ್ಟವೋ, ಯಂತ್ರದ ಸದ್ದು ಸೆಳೆಯುವುದೋ, ಖಾತೆ ಪುಸ್ತಕ ಹಿಡಿಸುವುದೋ, ಅಥವಾ ಯಾವುದೂ ಬೇಡವೋ ಎಂಬುದು ಅಲ್ಲಿ ತಿಳಿಯುತ್ತದೆ. ಪಿ.ಯು.ಸಿ.ಯಲ್ಲಿ ವಿಜ್ಞಾನವೋ ವಾಣಿಜ್ಯವೋ ಎಂಬ ಆಯ್ಕೆ ಇದಾದ ನಂತರ ಆಗಬೇಕು. ವಿಜ್ಞಾನ ಓದಿದವರು ಬಿ.ಕಾಂ. ಸೇರಬಹುದು, ಭೌತಶಾಸ್ತ್ರ ಮತ್ತು ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್‌ನ ಹೆಚ್ಚಿನ ಶಾಖೆಗಳ ಬಾಗಿಲು ತೆರೆಯದು. ವಾಣಿಜ್ಯ ಓದುವವರೂ ಗಣಿತವನ್ನು ಹಗುರವಾಗಿ ಬಿಡಬಾರದು. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್ ಪದವಿಗೆ ಗಣಿತ ಕಡ್ಡಾಯ.

ಹೆಣ್ಣುಮಕ್ಕಳ ಓದನ್ನು ಉದ್ಯಮದ ಲೆಕ್ಕದಿಂದ ಹೊರಗಿಡುವ ರೂಢಿ ಇನ್ನೂ ಉಳಿದಿದೆ. ಕರ್ನಾಟಕವು 1994ರಲ್ಲಿ, ಇಡೀ ದೇಶ 2005ರಲ್ಲಿ, ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ನೀಡಿದವು. ಹಕ್ಕುಳ್ಳವಳನ್ನು ಹೊಣೆಗೂ ಸಿದ್ಧಪಡಿಸುವುದು ವ್ಯವಹಾರ ದೃಷ್ಟಿಯಿಂದಲೂ ವಿವೇಕದ ಕೆಲಸ.

ಉದ್ಯಮದ ಕೊರತೆ ಯಾವುದು?

ಮರಳಿ ಬರುವುದು ನಿಶ್ಚಯವಾದರೆ, ಸಂಸ್ಥೆಯಲ್ಲಿ ಈಗ ಇಲ್ಲದ ಸಾಮರ್ಥ್ಯ ಯಾವುದೆಂದು ನೋಡಬೇಕು. ತಂದೆಗೆ ತಿಳಿದಿರುವುದನ್ನು ತಂದೆಯೇ ಕಲಿಸಬಲ್ಲರು. ಅವರಿಗೆ ತಿಳಿಯದ್ದನ್ನು ಕಾಲೇಜು ಕಲಿಸಬೇಕು.

ಬೆಳಗಾವಿಯ ಎರಕದ ಕಾರ್ಖಾನೆಯ ಮಾಲೀಕರಿಗೆ ಮಾರುಕಟ್ಟೆ ಚೆನ್ನಾಗಿ ಗೊತ್ತಿರುತ್ತದೆ. ಎರಕ ಏಕೆ ತಿರಸ್ಕೃತವಾಯಿತೆಂದು ಲೋಹದ ರಚನೆಯಿಂದ ವಿವರಿಸಬಲ್ಲವರು ಮನೆಯಲ್ಲಿ ಇರುವುದಿಲ್ಲ. ಅಂಥಲ್ಲಿ ಲೋಹಶಾಸ್ತ್ರ ಅಥವಾ ಮೆಕ್ಯಾನಿಕಲ್ ಎಂಜಿನಿಯರಿಂಗ್ ಉಪಯುಕ್ತ. ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಲ್ಲಿ ಲೋಹಶಾಸ್ತ್ರ ವಿಭಾಗವೇ ಇದೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮನೆತನದವರು ಬೆಂಗಳೂರಿನ ಸರ್ಕಾರಿ ಎಸ್.ಕೆ.ಎಸ್.ಜೆ. ತಾಂತ್ರಿಕ ಸಂಸ್ಥೆಯ ಜವಳಿ ತಂತ್ರಜ್ಞಾನವನ್ನು ಗಮನಿಸಬಹುದು. ಬ್ಯಾಡಗಿಯ ಮೆಣಸಿನಕಾಯಿ ವರ್ತಕರು ಪುಡಿ ಮಾಡಿ ರಫ್ತಿಗೆ ಇಳಿಯುವುದಾದರೆ ಆಹಾರ ವಿಜ್ಞಾನದ ಅರಿವು ಬೇಕಾಗುತ್ತದೆ, ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್‌ಸಿ. ಇದೆ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಯಂತ್ರ ಹಳೆಯದಾಗದೆ ಬ್ಯಾಂಕ್ ಬಡ್ಡಿಯೇ ಲಾಭ ತಿನ್ನುತ್ತಿದ್ದರೆ ಹಣಕಾಸಿನ ಓದು ಮೇಲು.

ಕಂಪ್ಯೂಟರ್ ಸೈನ್ಸ್ ಸೀಟು ಸಿಗದಿದ್ದರೆ ಮಾನಹಾನಿ ಎಂಬ ಭಾವನೆಯಿಂದ ಈ ಶಾಖೆಗಳನ್ನು ಕೀಳೆಂದು ಕಾಣುವ ಕಾರಣವಿಲ್ಲ. ನೌಕರಿ ಹುಡುಕುವವನಿಗೆ ಶಾಖೆಯ ಬೇಡಿಕೆ ಮುಖ್ಯ. ಸ್ವಂತ ಕಾರ್ಖಾನೆ ಇರುವವನಿಗೆ ಶಾಖೆಯ ಉಪಯೋಗ ಮುಖ್ಯ. ಯಂತ್ರದಲ್ಲಿ ಆಸಕ್ತಿಯಿದ್ದು ಪುಸ್ತಕದಲ್ಲಿ ಹಿಂದಿರುವ ಹುಡುಗನಿಗೆ ಎಸ್.ಎಸ್.ಎಲ್.ಸಿ. ನಂತರದ ಡಿಪ್ಲೊಮಾ ಉತ್ತಮ ದಾರಿ. 1972ರಲ್ಲಿ ಆರಂಭವಾದ ಜಿ.ಟಿ.ಟಿ.ಸಿ. ಕೇಂದ್ರಗಳಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಕಲಿಸುತ್ತಾರೆ. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು.

ವಾಣಿಜ್ಯ ಶಾಖೆಯ ಹಾದಿಗಳು

ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021-22ರಲ್ಲಿ ರಾಜ್ಯದಲ್ಲಿ ಬಂದ ನಾಲ್ಕು ವರ್ಷಗಳ ಪದವಿ ಪದ್ಧತಿಯನ್ನು ಸರ್ಕಾರ ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಊರಿನ ಒಳ್ಳೆಯ ಕಾಲೇಜಿನಲ್ಲಿ ಬಿ.ಕಾಂ. ಓದುತ್ತ, ಉಳಿದ ಹೊತ್ತು ಅಂಗಡಿಯಲ್ಲಿ ಜಿ.ಎಸ್.ಟಿ. ರಿಟರ್ನ್ಸ್, ದಾಸ್ತಾನು, ವಸೂಲಿ ಕಲಿಯುವುದು ಇಂದಿಗೂ ಅಗ್ಗದ, ಗಟ್ಟಿಯಾದ ಶಿಕ್ಷಣ. ದೂರದ ನಗರದ ಬಿ.ಬಿ.ಎ.ಗೆ ಹಲವು ಪಟ್ಟು ಹಣ ಕೊಡುವಾಗ, ಅಲ್ಲಿ ಸಿಗುವ ಹೆಚ್ಚಿನದೇನು ಎಂದು ಪಠ್ಯಕ್ರಮ ತರಿಸಿ ಓದಬೇಕು.

ಸಿ.ಎ. ಪರೀಕ್ಷೆಗೆ 2023ರ ಜುಲೈನಿಂದ ಹೊಸ ಪದ್ಧತಿ ಬಂದಿದೆ. ಫೌಂಡೇಶನ್‌ನಲ್ಲಿ 4, ಇಂಟರ್‌ಮೀಡಿಯೆಟ್‌ನಲ್ಲಿ 6, ಫೈನಲ್‌ನಲ್ಲಿ 6 ಪತ್ರಿಕೆಗಳು; ಪ್ರಾಯೋಗಿಕ ತರಬೇತಿ ಮೂರು ವರ್ಷಗಳಿಂದ ಎರಡಕ್ಕೆ ಇಳಿದಿದೆ. ವಾಣಿಜ್ಯ ಪದವಿಯಲ್ಲಿ ಶೇ. 55 ಅಂಕ ಪಡೆದವರು ಫೌಂಡೇಶನ್ ಬರೆಯದೆ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಶುಲ್ಕ ಕಡಿಮೆ, ಉತ್ತೀರ್ಣರಾಗುವವರೂ ಕಡಿಮೆ. ಎಷ್ಟು ಪ್ರಯತ್ನಗಳವರೆಗೆ ಕಾಯುವುದೆಂದು ಮನೆಯವರು ಮೊದಲೇ ಮಾತಾಡಿಕೊಂಡಿದ್ದರೆ ಒಳ್ಳೆಯದು. ಅನೇಕ ವರ್ತಕರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ವೃತ್ತಿ ನಡೆಸಲು ಪ್ರಮಾಣಪತ್ರ ಪಡೆದ ಸಿ.ಎ., ಸಂಸ್ಥೆಯ ಮಂಡಳಿಯ ಅನುಮತಿಯಿಲ್ಲದೆ ಬೇರೆ ವ್ಯಾಪಾರದಲ್ಲಿ ತೊಡಗುವಂತಿಲ್ಲ. ಕಚೇರಿಯನ್ನೂ ತೆರೆದು ಮಂಡಿಯಲ್ಲೂ ಕೂರುತ್ತಾನೆಂಬ ಲೆಕ್ಕ ನಡೆಯದು. ಪ್ರಮಾಣಪತ್ರ ಪಡೆಯದೆ, ಆ ಜ್ಞಾನವನ್ನು ಸ್ವಂತ ಉದ್ಯಮಕ್ಕೆ ಬಳಸಲು ಅಡ್ಡಿಯಿಲ್ಲ.

ಎಲ್ಲಿಗೆ, ಯಾವಾಗ ಅರ್ಜಿ?

ರಾಜ್ಯದ ಎಂಜಿನಿಯರಿಂಗ್ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ., ಖಾಸಗಿ ಕಾಲೇಜುಗಳ ಒಂದು ಪಾಲು ಸೀಟುಗಳಿಗೆ ಕಾಮೆಡ್-ಕೆ, ಎನ್.ಐ.ಟಿ.ಗಳಿಗೆ ಜೆ.ಇ.ಇ. ಮೇನ್, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿ.ಯು.ಇ.ಟಿ. ಪರೀಕ್ಷೆ ಇದೆ. ರಾಜ್ಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪದವಿಗಳಿಗೆ ಯು.ಯು.ಸಿ.ಎಂ.ಎಸ್. ಮೂಲಕ ಅರ್ಜಿ. ಇವುಗಳಲ್ಲಿ ಹಲವು ಪರೀಕ್ಷೆಗಳ ನೋಂದಣಿ ಪಿ.ಯು.ಸಿ. ಫಲಿತಾಂಶಕ್ಕೆ ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ. ಆದ್ದರಿಂದ ದ್ವಿತೀಯ ಪಿ.ಯು.ಸಿ.ಯ ದಸರೆಯ ಹೊತ್ತಿಗೆ ಪಟ್ಟಿ ಸಿದ್ಧವಿರಬೇಕು.

ಸಿ.ಇ.ಟಿ.ಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿ.ಯು.ಸಿ. ಅಂಕಗಳೂ ಸಿ.ಇ.ಟಿ. ಅಂಕಗಳೂ ಅರ್ಧರ್ಧ ಸೇರುತ್ತವೆ. ಒಂದನ್ನು ಕಡೆಗಣಿಸಿ ಇನ್ನೊಂದರ ಕೋಚಿಂಗ್‌ಗೆ ಹಣ ಸುರಿಯುವುದು ಸರಿಯಲ್ಲ. ಆಯ್ಕೆಗಳನ್ನು ದಾಖಲಿಸುವಾಗ ಅತಿ ಬೇಕಾದುದನ್ನು ಮೊದಲು ಹಾಕಬೇಕು. ಸಿಕ್ಕರೂ ಸೇರಲಾರೆವೆಂಬುದನ್ನು ಹಾಕಲೇಬಾರದು. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಅಭ್ಯರ್ಥಿಗಳಿಗೆ ಸಂವಿಧಾನದ 371(ಜೆ) ವಿಧಿಯಡಿ ಆ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳ ಮೀಸಲಾತಿ ಇದೆ. ಅರ್ಹತಾ ಪತ್ರವನ್ನು ಮುಂಚಿತವಾಗಿ ಮಾಡಿಸಿಟ್ಟುಕೊಳ್ಳಬೇಕು.

ಮಕ್ಕಳನ್ನು ಕೋಚಿಂಗ್‌ಗಾಗಿ ಹೊರರಾಜ್ಯಕ್ಕೆ ಕಳಿಸುವವರು ಒಂದು ವಿಷಯ ತಿಳಿದಿರಬೇಕು. ಎನ್.ಐ.ಟಿ.ಗಳಲ್ಲಿ ಅರ್ಧದಷ್ಟು ಸೀಟುಗಳು ಆಯಾ ರಾಜ್ಯದವರಿಗೆ ಮೀಸಲು. ರಾಜ್ಯವನ್ನು ನಿರ್ಧರಿಸುವುದು ಹನ್ನೆರಡನೆಯ ತರಗತಿ ಎಲ್ಲಿ ಪಾಸಾದರು ಎಂಬುದರ ಮೇಲೆ. ರಾಜಸ್ಥಾನದಲ್ಲೋ ತೆಲಂಗಾಣದಲ್ಲೋ ಹನ್ನೆರಡನೆಯ ತರಗತಿ ಮುಗಿಸಿದ ಹುಬ್ಬಳ್ಳಿಯ ಹುಡುಗನಿಗೆ ಸುರತ್ಕಲ್ಲಿನಲ್ಲಿ ಕರ್ನಾಟಕದ ಪಾಲು ದೊರೆಯದು.

ಮಾನ್ಯತೆ ಮತ್ತು ರಸೀದಿ

ಸರಕು ಕೊಳ್ಳುವ ಮುನ್ನ ಪೂರೈಕೆದಾರರ ಜಿ.ಎಸ್.ಟಿ. ಸಂಖ್ಯೆ ಪರಿಶೀಲಿಸುವವರು ಕಾಲೇಜಿನ ಮಾನ್ಯತೆಯನ್ನೂ ಹಾಗೆಯೇ ಪರಿಶೀಲಿಸಬೇಕು. ವಿಶ್ವವಿದ್ಯಾಲಯಕ್ಕೆ ಯು.ಜಿ.ಸಿ. ಮಾನ್ಯತೆ, ಎಂಜಿನಿಯರಿಂಗ್‌ಗೆ ಎ.ಐ.ಸಿ.ಟಿ.ಇ. ಅನುಮೋದನೆ ಮುಖ್ಯ. 2024-25ರಿಂದ ಬಿ.ಬಿ.ಎ. ಮತ್ತು ಬಿ.ಸಿ.ಎ. ಕೂಡ ಎ.ಐ.ಸಿ.ಟಿ.ಇ. ವ್ಯಾಪ್ತಿಗೆ ಬಂದಿವೆ. ಕಾಲೇಜು ನೀಡುವ ಕರಪತ್ರವನ್ನು ನಂಬಿ ಕೂರದೆ ಆಯಾ ಸಂಸ್ಥೆಯ ಅಧಿಕೃತ ಪಟ್ಟಿಯಲ್ಲೇ ನೋಡಬೇಕು. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳೊಡನೆ ಅರ್ಧ ಗಂಟೆ ಮಾತಾಡಿದರೆ ಪ್ರಯೋಗಾಲಯ ನಡೆಯುತ್ತದೆಯೇ, ಪಾಠ ಮಾಡುವವರು ಇದ್ದಾರೆಯೇ ಎಂಬುದು ತಿಳಿದುಬಿಡುತ್ತದೆ.

ಡೊನೇಷನ್ ವಿಚಾರ ಇನ್ನೂ ಸೂಕ್ಷ್ಮ. ಕ್ಯಾಪಿಟೇಶನ್ ಶುಲ್ಕವನ್ನು ರಾಜ್ಯವು 1984ರ ಕಾಯಿದೆಯಿಂದಲೇ ನಿಷೇಧಿಸಿದೆ. ಎರಡು ಲಕ್ಷ ರೂ. ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ತಡೆದಿದೆ. ರಸೀದಿಯಿಲ್ಲದೆ ಕೊಟ್ಟ ಹಣಕ್ಕೆ ಸೀಟು ರದ್ದಾದರೆ ಕೇಳುವ ಹಕ್ಕೂ ಉಳಿಯುವುದಿಲ್ಲ.

ಪೂರ್ಣ ವೆಚ್ಚ

ಶುಲ್ಕವೊಂದೇ ವೆಚ್ಚವಲ್ಲ. ಉದಾಹರಣೆಗೆ, ವರ್ಷಕ್ಕೆ ಶುಲ್ಕ 2,50,000, ವಸತಿ ಮತ್ತು ಊಟ 1,20,000, ಪುಸ್ತಕ ಮತ್ತು ಪ್ರಯಾಣ 30,000 ಎಂದಿಟ್ಟುಕೊಂಡರೆ ಒಟ್ಟು 4 ಲಕ್ಷ ರೂ.; ನಾಲ್ಕು ವರ್ಷಕ್ಕೆ 16 ಲಕ್ಷ. ಪ್ರತಿ ವರ್ಷದ ಆರಂಭದಲ್ಲಿ ಈ ಹಣವನ್ನು ವ್ಯವಹಾರದಿಂದ ತೆಗೆದು, ಅದಕ್ಕೆ ಬ್ಯಾಂಕಿಗೆ ಶೇ. 10 ಬಡ್ಡಿ ತೆರುತ್ತಿದ್ದರೆ ನಾಲ್ಕು ವರ್ಷಗಳ ಕೊನೆಗೆ ಅದು ಸುಮಾರು 20.42 ಲಕ್ಷವಾಗುತ್ತದೆ. ಈ ಮೊತ್ತ ಹೆಚ್ಚೋ ಕಡಿಮೆಯೋ ಎಂಬುದು ಮೊದಲ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ. ಸೂಕ್ತ ಓದಿಗೆ ಇದು ದುಬಾರಿಯಲ್ಲ; ಹೊಂದದ ಓದಿಗೆ ಇದರ ಕಾಲು ಭಾಗವೂ ದುಬಾರಿ.

ಹಣ ಹೊಂದಿಸುವ ಬಗೆಯಲ್ಲೂ ಎಚ್ಚರ ಬೇಕು. ಮನೆಯ ಮೇಲೆ ಆಗಲೇ ಸಿ.ಸಿ. ಖಾತೆಯ ಅಡಮಾನವಿದ್ದರೆ ದೊಡ್ಡ ಶಿಕ್ಷಣ ಸಾಲಕ್ಕೆ ಮತ್ತೇನನ್ನು ಜಾಮೀನು ಕೊಡುವುದೆಂದು ಮೊದಲೇ ಯೋಚಿಸಬೇಕು. ಸಾಮಾನ್ಯವಾಗಿ 7.5 ಲಕ್ಷ ರೂ.ವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಜಾಮೀನು ಕೇಳುವುದಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರುವವರಿಗೆ ಜಾಮೀನಿಲ್ಲದ ಸಾಲವಿದೆ. ಬ್ಯಾಂಕಿನಿಂದ ಪಡೆದ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷಗಳವರೆಗೆ ತೆರಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡ ವ್ಯಕ್ತಿಗಳಿಗೆ ಮಾತ್ರ. ಅವಿಭಕ್ತ ಕುಟುಂಬಕ್ಕೂ ಪಾಲುದಾರಿಕೆ ಸಂಸ್ಥೆಗೂ ಸಿಗದು. ನೆಂಟರಿಂದ ಪಡೆದ ಕೈಸಾಲಕ್ಕೂ ಇಲ್ಲ.

ಮಗನ ಶುಲ್ಕವನ್ನು ಸಂಸ್ಥೆಯ ಸಿಬ್ಬಂದಿ ತರಬೇತಿ ಖರ್ಚೆಂದು ಬರೆಯುವ ಆಸೆ ಕೆಲವರಿಗಿದೆ. ಸಂಪೂರ್ಣವಾಗಿ ವ್ಯವಹಾರಕ್ಕಾಗಿಯೇ ಆದ ಖರ್ಚಷ್ಟೇ ಕಾನೂನಿಗೆ ಸಮ್ಮತ. ಮನೆಯ ಖರ್ಚನ್ನು ಅಲ್ಲಿ ತೋರಿಸಿದರೆ ತೆರಿಗೆ, ಬಡ್ಡಿ, ದಂಡಕ್ಕೆ ದಾರಿಯಾಗುತ್ತದೆ. ಮಾಲೀಕರ ಸ್ವಂತ ಖಾತೆಗೆ ಖರ್ಚು ಬರೆಯುವುದೇ ಕ್ಷೇಮ.

ಕೊನೆಗೊಂದು ಸಲಹೆ

ಅರ್ಜಿ ಹಾಕುವ ಮೊದಲು ಒಂದು ಹಾಳೆಯಲ್ಲಿ ಐದು ಅಂಶಗಳನ್ನು ಬರೆದಿಡುವುದು ಒಳ್ಳೆಯದು: ಓದಿನ ಬಳಿಕ ಮಾಡುವ ಕೆಲಸ, ಅದಕ್ಕೆ ಬೇಕಾದ ಕಲಿಕೆ, ಅದನ್ನು ಕಲಿಸುವ ಮೂರು ನಾಲ್ಕು ಮಾನ್ಯ ಸಂಸ್ಥೆಗಳು, ಪೂರ್ಣ ವೆಚ್ಚ, ಬಯಸಿದ ಸೀಟು ಸಿಗದಿದ್ದರೆ ಹಿಡಿಯುವ ಎರಡನೆಯ ದಾರಿ. ಮೊದಲ ಸಾಲನ್ನು ಓದುವವರೇ ತಮ್ಮ ಕೈಯಿಂದ ಬರೆಯಬೇಕು. ವೆಚ್ಚದ ಸಾಲನ್ನು ತಂದೆತಾಯಂದಿರು ಮರೆಮಾಚದೆ ತುಂಬಬೇಕು. ಉದ್ಯಮಕ್ಕೆ ಬರಲು ಮಕ್ಕಳಿಗೆ ಮನಸ್ಸಿಲ್ಲವೆಂದು ಆಗಲೇ ತಿಳಿದರೆ, ನಂಬಿಕಸ್ಥ ವ್ಯವಸ್ಥಾಪಕರನ್ನು ಬೆಳೆಸಲೋ ಪಾಲುದಾರರನ್ನು ಹುಡುಕಲೋ ಮಾಲೀಕರ ಕೈಯಲ್ಲಿ ಇನ್ನೂ ನಾಲ್ಕಾರು ವರ್ಷಗಳಿರುತ್ತವೆ. ಪದವಿ ಮುಗಿದ ಮೇಲೆ ತಿಳಿದರೆ ಆ ಅವಕಾಶ ಇರುವುದಿಲ್ಲ.