‘ಬಿಟ್ಟಿ’ ಎಂಬ ಶಬ್ದವೂ ಮಕ್ಕಳ ಪೋಷಣೆಗೆ ಸರಕಾರದ ನೆರವೂ

ಮಕ್ಕಳನ್ನು ಹೆತ್ತು ಹೊರೆದು ದೊಡ್ಡವರನ್ನಾಗಿ ಮಾಡುವ ಭಾರವು ಕೇವಲ ತಾಯಿತಂದೆಗಳದೋ, ಇಲ್ಲವೆ ಸಮಾಜದ ಪರವಾಗಿ ಸರಕಾರವೂ ಅದರಲ್ಲಿ ಪಾಲುಗೊಳ್ಳತಕ್ಕದ್ದೋ ಎಂಬ ಪ್ರಶ್ನೆಯು ಕರ್ನಾಟಕದಲ್ಲಿ ಬಹಳವಾಗಿ ಚರ್ಚಿಸಲ್ಪಡುತ್ತಿದೆ. 2012ರಲ್ಲಿ ಉದ್ಘಾಟಿತವಾದ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನವು ಕೂಡಿದಾಗ ಈ ವಾದವು ಶಾಸಕರ ಬಾಯಲ್ಲಿ ಕೇಳಬರುತ್ತದೆ. ಅಲ್ಲಿಂದ ಸುಮಾರು ಹದಿನಾರು ಮೈಲಿ ದೂರದ ಖಾನಾಪುರದ ಕಾಡುಹಳ್ಳಿಗಳಲ್ಲಾದರೋ ಅದು ವಾದವಲ್ಲ, ದಿನದ ಬಾಳುವೆ. ಈ ಚರ್ಚೆಯಲ್ಲಿ ಪದೇ ಪದೇ ಕಿವಿಗೆ ಬೀಳುವ ಶಬ್ದವೊಂದುಂಟು. ಅದು ‘ಬಿಟ್ಟಿ’. ಆ ಶಬ್ದದ ಇತಿಹಾಸವನ್ನು ಅರಿತರೆ ವಿವಾದದ ಮರ್ಮವು ತಿಳಿದುಬರುವ ಸಂಭವವಿದೆ.

‘ಬಿಟ್ಟಿ’ಯು ಸಂಸ್ಕೃತದ ‘ವಿಷ್ಟಿ’ ಶಬ್ದದ ತದ್ಭವವು. ಹೊಯ್ಸಳ ಬಿಟ್ಟಿದೇವನ ಹೆಸರು ‘ವಿಷ್ಣು’ವಿನಿಂದ ಬಂದುದಾದುದರಿಂದ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ವಿಷ್ಟಿಯೆಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದೇ ಅರ್ಥವಿದೆ. ಕನ್ನಡ ಶಾಸನಗಳಲ್ಲಿಯೂ ಬಿಟ್ಟಿಯು ಪ್ರಜೆಗಳು ಅರಸನಿಗೆ ಸಲ್ಲಿಸಬೇಕಾಗಿದ್ದ ಹೊರೆಗಳಲ್ಲಿ ಒಂದು. ಕಾಲಕ್ರಮದಲ್ಲಿ ಅರ್ಥವು ತಿರುಗಿತು. ‘ಬಿಟ್ಟಿ ಚಾಕರಿ’ ಎಂಬಲ್ಲಿ ಹಳೆಯ ಅರ್ಥವು ಇನ್ನೂ ಉಳಿದಿದೆ. ‘ಬಿಟ್ಟಿ ಊಟ’ ಎಂಬಲ್ಲಿ ಮಾತ್ರ ಬೆಲೆ ಕೊಡದೆ ಪಡೆದುದು ಎಂಬ ಹೊಸ ಅರ್ಥವು ನೆಲೆಸಿದೆ. ಮೊದಲನೆಯದರಲ್ಲಿ ದುಡಿದವನು ಕಳೆದುಕೊಳ್ಳುತ್ತಾನೆ. ಎರಡನೆಯದರಲ್ಲಿ ದುಡಿಯದವನು ಗಳಿಸುತ್ತಾನೆ. ಸರಕಾರದ ನೆರವನ್ನು ವಿರೋಧಿಸುವವರು ಶಬ್ದವನ್ನು ಹೊಸ ಅರ್ಥದಲ್ಲಿ ಬಳಸುತ್ತಾರೆ. ತಾಯಿಯ ದುಡಿಮೆಗೆ ಹಳೆಯ ಅರ್ಥವೇ ಒಪ್ಪುವುದೆಂಬುದು ಅವರ ಲಕ್ಷ್ಯಕ್ಕೆ ಬಂದಂತೆ ತೋರುವುದಿಲ್ಲ.

ಈ ವಾದವು ಇಂದು ನಿನ್ನೆಯದಲ್ಲ. 1924ರಲ್ಲಿ ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಪ್ರಸೂತಿ ಸಹಾಯದ ಮಸೂದೆಯನ್ನು ತಂದರು, ಅದು ಅಂಗೀಕೃತವಾಗಲಿಲ್ಲ. ಬೆಳಗಾವಿ ಜಿಲ್ಲೆಯು ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಅಂಥ ಮಸೂದೆಯು ಕೌನ್ಸಿಲಿನ ಮುಂದೆ ಬಂದಾಗ, 1928ರ ಜುಲೈ 28ರಂದು ಡಾ. ಬಿ. ಆರ್. ಅಂಬೇಡಕರರು ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಮೊದಲೂ ಅನಂತರವೂ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತಕ್ಕೆ ಸಂಬಂಧಿಸಿದ ವಿಷಯವೆಂದೂ, ಆದುದರಿಂದ ಅದರ ಭಾರದ ಹೆಚ್ಚಿನ ಅಂಶವು ಸರಕಾರದ ಮೇಲೆಯೇ ಬೀಳತಕ್ಕದ್ದೆಂದೂ ಅವರು ಒಪ್ಪಿಕೊಂಡರು. ಆದರೆ ಸರಕಾರವು ಅದನ್ನು ಹೊರುವವರೆಗೆ, ದುಡಿಮೆಯ ಫಲವನ್ನು ಉಣ್ಣುವ ಮಾಲಕನು ಹೊಣೆಯಿಂದ ಜಾರಿಕೊಳ್ಳುವುದು ನ್ಯಾಯವಲ್ಲವೆಂಬುದು ಅವರ ತರ್ಕವಾಗಿತ್ತು. 1929ರಲ್ಲಿ ಕಾಯದೆಯಾಯಿತು, ಹಿಂದುಸ್ಥಾನದಲ್ಲಿ ಆ ಬಗೆಯ ಕಾಯದೆಗಳಲ್ಲಿ ಇದೇ ಮೊದಲನೆಯದು.

ಆದರೆ ಆ ಕಾಯದೆಯು ಕಾರಖಾನೆಯ ಹೆಂಗಸರಿಗೆ ಮಾತ್ರ. 1961ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾಯದೆ ಬಂದು, 2017ರಲ್ಲಿ ಸಂಬಳಸಹಿತ ರಜೆಯು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿದರೂ ಈ ಮಿತಿಯು ಬಹುಮಟ್ಟಿಗೆ ಉಳಿದೇ ಇದೆ. ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರಗಳಲ್ಲಿ ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತುವ ಹೆಂಡತಿಗೆ ಮಾಲಕನೆಂಬವನಿಲ್ಲ. ಖಾನಾಪುರದ ಗದ್ದೆಯಲ್ಲಿ ನಾಟಿ ಮಾಡುವವಳಿಗೆ ಹಾಜರಿಪಟ್ಟಿಯಿಲ್ಲ. ಇಂಥವರ ವಿಷಯದಲ್ಲಿ ಅಂಬೇಡಕರರ ಮಾತಿನ ಎರಡನೆಯ ಭಾಗವು ನಿಷ್ಫಲವಾಗಿ, ಮೊದಲನೆಯ ಭಾಗವೇ ಉಳಿಯುತ್ತದೆ: ಹೊಣೆಯು ಸರಕಾರದ್ದು.

ಸರಕಾರವು ಹೊಣೆಯನ್ನು ಹೊರುವುದಾದರೆ ಹಣವನ್ನು ಯಾರ ಕೈಗೆ ಕೊಡಬೇಕು ಎಂಬುದು ಮುಂದಿನ ಪ್ರಶ್ನೆ. ಇಂಗ್ಲಂಡಿನಲ್ಲಿ ಎಲಿನರ್ ರಾಥ್‌ಬೋನ್ ಎಂಬ ವಿದುಷಿಯು 1924ರ ತನ್ನ ಗ್ರಂಥದಲ್ಲಿ, ಕೂಲಿಯು ಗಂಡಸಿನ ದುಡಿಮೆಯನ್ನು ಅಳೆಯುತ್ತದೆಯೇ ಹೊರತು ಅವನ ಮನೆಯ ಹೊಟ್ಟೆಗಳನ್ನು ಎಣಿಸುವುದಿಲ್ಲವೆಂದು ವಾದಿಸಿದಳು. 1945ರಲ್ಲಿ ಅಲ್ಲಿ ಕುಟುಂಬ ಭತ್ಯೆಯ ಕಾಯದೆಯಾಗಿ, ಮೊದಲನೆಯ ಮಗುವನ್ನು ಬಿಟ್ಟು ಉಳಿದ ಪ್ರತಿಯೊಂದು ಮಗುವಿಗೆ ವಾರಕ್ಕೆ 5 ಶಿಲಿಂಗು ಗೊತ್ತಾಯಿತು. ಹಣವು ತಂದೆಗೆ ಸಲ್ಲಬೇಕೆಂದಿದ್ದ ಮೂಲ ಮಸೂದೆಯನ್ನು ತಿದ್ದಿ ತಾಯಿಗೆ ಸಲ್ಲುವಂತೆ ಮಾಡಿದುದು ರಾಥ್‌ಬೋನಳ ಹಟದ ಫಲವು.

ಕರ್ನಾಟಕದಲ್ಲಿ ಇದೇ ಪ್ರಶ್ನೆಯು ಬೇರೆ ವೇಷದಲ್ಲಿ ಬಂದಿತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ‘ಗೃಹಲಕ್ಷ್ಮಿ’ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವುದೆಂದು ಗೊತ್ತುಪಡಿಸಿತು. ಬೆಳಗಾವಿ ಗ್ರಾಮೀಣ ಕ್ಷೇತ್ರದ ಪ್ರತಿನಿಧಿಯಾದ ಶ್ರೀಮತಿ ಲಕ್ಷ್ಮೀ ಹೆಬ್ಬಾಳಕರರೇ ಆಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆಯ ಮಂತ್ರಿಗಳಾಗಿದ್ದರು. ಯಜಮಾನಿಯು ಅತ್ತೆಯೋ ಸೊಸೆಯೋ ಎಂಬ ಚರ್ಚೆಯು ನಾಡಿನ ತುಂಬ ಎದ್ದಿತು. ಪಡಿತರ ಚೀಟಿಯಲ್ಲಿ ಯಾರು ಯಜಮಾನಿಯೋ ಅವರೇ ಎಂದು ನಿರ್ಣಯವಾಯಿತು. ಜನರು ನಕ್ಕು ಮರೆತರೂ ಇದು ನಗೆಯ ಮಾತಲ್ಲ. ಎಳೆಯ ಮಕ್ಕಳ ತಾಯಿಯು ಬಹು ಮನೆಗಳಲ್ಲಿ ಸೊಸೆಯೇ ಹೊರತು ಯಜಮಾನಿಯಲ್ಲ. ಹಣವು ಮನೆಗೆ ಬಂದರೂ ಮಗುವಿನ ಹಾಲಿನ ಬಟ್ಟಲಿಗೆ ಬರಬೇಕಾದರೆ ಅತ್ತೆಯ ಅಂತಃಕರಣವನ್ನು ದಾಟಿ ಬರಬೇಕು.

ಇನ್ನು ನೆರವಿನ ಹೆಸರುಗಳನ್ನು ನೋಡತಕ್ಕದ್ದು. 2006-07ರಲ್ಲಿ ಬಡತನದ ರೇಖೆಯ ಕೆಳಗಿನ ಕುಟುಂಬದ ಹೆಣ್ಣುಮಕ್ಕಳಿಗಾಗಿ ‘ಭಾಗ್ಯಲಕ್ಷ್ಮಿ’ ಎಂಬ ಯೋಜನೆಯು ಬಂದಿತು. ಹುಡುಗಿಯ ಹೆಸರಿನಲ್ಲಿ ಇಟ್ಟ ಇಡುಗಂಟು ಅವಳಿಗೆ 18 ತುಂಬಿದಾಗ ಕೈಸೇರತಕ್ಕದ್ದು. ಅದುವರೆಗೆ ಅವಳ ಮದುವೆಯಾಗಕೂಡದು, ಅವಳನ್ನು ಕೂಲಿಗೆ ಕಳುಹಿಸಕೂಡದು, ಮತ್ತು ಒಂದು ಮನೆಯ ಎರಡು ಹೆಣ್ಣುಮಕ್ಕಳಿಗೆ ಮಾತ್ರ ಇದು ದೊರೆಯತಕ್ಕದ್ದು. ಕರಾರುಗಳು ಹಿತವಾದುವೇ. ಆದರೆ ‘ಭಾಗ್ಯ’ವೆಂಬುದು ಅದೃಷ್ಟದಿಂದ ಬರುವುದು, ಕೇಳಿ ಪಡೆಯುವಂಥದಲ್ಲ. ಇದಕ್ಕೆ ಪ್ರತಿಯಾಗಿ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯದೆಯು ಗರ್ಭಿಣಿಗೂ ಬಾಣಂತಿಗೂ 6,000 ರೂಪಾಯಿಗೆ ಕಡಿಮೆಯಿಲ್ಲದ ನೆರವನ್ನು ಹಕ್ಕೆಂದು ಸಾರಿತು. 2017ರಲ್ಲಿ ಅದನ್ನು ಜಾರಿಗೆ ತಂದ ಕೇಂದ್ರ ಯೋಜನೆಯು ಮಾತ್ರ ಮೊದಲನೆಯ ಮಗುವಿಗೆ 5,000 ರೂಪಾಯಿ ಎಂದು ಸಂಕೋಚಗೊಂಡಿತು. ಎರಡನೆಯದು ಹೆಣ್ಣಾದರೆ 6,000 ಎಂಬ ಸೇರಿಕೆಯು ಆಮೇಲಿನದು. ಹಕ್ಕೆಂದು ಬರೆದುದನ್ನು ಕೊಡುವಾಗ ಭಾಗ್ಯದಂತೆ ಕೊಟ್ಟರೆಂಬ ವಿಮರ್ಶಕರ ಆಕ್ಷೇಪಣೆಯು ನಿರಾಧಾರವಾದುದಲ್ಲ.

ಕೊಡುವ ರೀತಿಯೂ ವಿವಾದಕ್ಕೆ ಹೊರತಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಆರಂಭವಾದ ‘ಮಾತೃಪೂರ್ಣ’ ಯೋಜನೆಯು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ದಿನಕ್ಕೊಂದು ಬಿಸಿಯೂಟವನ್ನು ಏರ್ಪಡಿಸಿತು. ಮನೆಗೆ ಕೊಟ್ಟ ಕಾಳುಕಡಿ ಎಲ್ಲರ ಪಾಲಾಗುತ್ತದೆ, ಕೇಂದ್ರದಲ್ಲಿ ಬಡಿಸಿದ ಅನ್ನವು ಅವಳ ಹೊಟ್ಟೆಗೇ ಸೇರುತ್ತದೆ ಎಂಬ ವಾದವು ಬಲವುಳ್ಳದ್ದು. ಆದರೆ ತುಂಬಿದ ಬಸುರಿಯೂ ಹಸಿ ಬಾಣಂತಿಯೂ ದಿನಾಲು ನಡೆದು ಬರುವುದು ಹೇಗೆ? ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ, ಭೀಮಗಡದ ಅರಣ್ಯದೊಳಗಿನ ಚದುರಿದ ಹಳ್ಳಿಗಳಲ್ಲಿ, ಮಳೆಗಾಲದ ಹಳ್ಳವೊಂದು ಉಕ್ಕಿದರೆ ದಾರಿಯೇ ಇಲ್ಲ. 2024ರ ಮಳೆಗಾಲದಲ್ಲಿ ಅಂಥ ಒಂದು ಹಳ್ಳಿಯಿಂದ ರೋಗಿಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು ತಂದ ಸುದ್ದಿಯು ಪತ್ರಿಕೆಗಳಲ್ಲಿ ಬಂದುದುಂಟು.

ಇದೇ ಖಾನಾಪುರ ತಾಲೂಕಿನ ಹಲಸಿಯು ಕದಂಬರ ಪಲಾಶಿಕೆ. ಅಲ್ಲಿಯ ತಾಮ್ರಪಟಗಳಲ್ಲೊಂದರಲ್ಲಿ ರವಿವರ್ಮನ ಕಾಲದ ಒಂದು ಏರ್ಪಾಡು ಉಕ್ತವಾಗಿದೆ: ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರವು ನಡೆಯತಕ್ಕದ್ದು. ಸಂಚಾರವನ್ನು ನಿಲ್ಲಿಸಿದವರಿಗೆ ಅನ್ನವು ಇದ್ದಲ್ಲಿಗೇ ಸಲ್ಲಬೇಕೆಂಬ ವಿವೇಕವು ಸುಮಾರು 1,500 ವರುಷಗಳ ಹಿಂದೆ ಈ ನೆಲದಲ್ಲಿತ್ತು. ಯತಿಗೂ ಬಾಣಂತಿಗೂ ಹೋಲಿಕೆ ಸಲ್ಲದಾದರೂ ಮಳೆಯು ಅದೇ ಮಳೆ.

ವಿರೋಧಿಗಳ ಮಾತನ್ನೂ ನ್ಯಾಯವಾಗಿ ತೂಗತಕ್ಕದ್ದು. ಬೊಕ್ಕಸವು ಅಕ್ಷಯಪಾತ್ರೆಯಲ್ಲ, ತಿಂಗಳ ಹಣಕ್ಕೆ ಹೋದುದು ಸೇತುವೆಗೆ ಉಳಿಯದು. ಭೀಮಗಡದ ತಾಯಿಗೆ 2,000 ರೂಪಾಯಿಗಿಂತ ಒಂದು ಕಾಲುಸಂಕವು ಹೆಚ್ಚು ಉಪಕಾರಿಯಾಗಬಹುದು. ಈ ಆಕ್ಷೇಪಣೆಯು ಗಟ್ಟಿಯಾದುದು. ಆದರೆ ಇದರಿಂದ ಸಿದ್ಧವಾಗುವುದು ನೆರವಿನ ರೂಪವನ್ನು ಸ್ಥಳಕ್ಕೆ ತಕ್ಕಂತೆ ಆರಿಸಬೇಕೆಂಬುದೇ ಹೊರತು ನೆರವು ಅನುಚಿತವೆಂಬುದಲ್ಲ. ನೆರವಿನಿಂದ ಜನರು ಸೋಮಾರಿಗಳಾಗುವರೆಂಬ ಮಾತಂತೂ ಇಲ್ಲಿ ನಿಲ್ಲುವುದಿಲ್ಲ. ಮಗುವನ್ನು ಸಾಕುವವಳಿಗೆ ಸೋಮಾರಿತನಕ್ಕೆ ಬಿಡುವೆಲ್ಲಿಯದು?

ತಾಯಿಯ ದುಡಿಮೆಗೆ ಬೆಲೆಯಿಲ್ಲದುದರ ನೆರಳು ಅವಳಿಗೆ ನೆರವಾಗುವವಳ ಮೇಲೂ ಬಿದ್ದಿದೆ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾಗಿ, ಕರ್ನಾಟಕದಲ್ಲಿ ಮೊದಲು ತಿರುಮಕೂಡಲು ನರಸೀಪುರಕ್ಕೆ ಬಂದಿತು. ಅಂದಿನಿಂದ ಅಂಗನವಾಡಿಯ ಕಾರ್ಯಕರ್ತೆಗೆ ಸಲ್ಲುವುದು ಸಂಬಳವಲ್ಲ, ‘ಗೌರವಧನ’. ಗೌರವವೆಂಬ ಹಿರಿಯ ಶಬ್ದವು ಧನವನ್ನು ಕಿರಿದಾಗಿಸಿದ ಉದಾಹರಣೆಯಿದು. 2022ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾರ್ಯಕರ್ತೆಯರಿಗೆ ಗ್ರಾಚ್ಯುಯಿಟಿಯ ಹಕ್ಕುಂಟೆಂದು ತೀರ್ಪಿತ್ತು, ಶಬ್ದದ ಮರೆಯಲ್ಲಿದ್ದ ದುಡಿಮೆಯನ್ನು ದುಡಿಮೆಯೆಂದೇ ಎಣಿಸಿತು.

ಒಟ್ಟಿನಲ್ಲಿ, ನೆರವು ಎಷ್ಟು, ಯಾವ ರೂಪದ್ದು, ಯಾರ ಕೈಗೆ ಎಂಬುವು ಲೆಕ್ಕದಿಂದಲೂ ಅನುಭವದಿಂದಲೂ ತೀರ್ಮಾನವಾಗತಕ್ಕ ಪ್ರಶ್ನೆಗಳು. ಅವುಗಳಲ್ಲಿ ಮತಭೇದವು ಇರುವುದೇ ಸರಿ. ಆದರೆ ಲೆಕ್ಕವನ್ನು ಆರಂಭಿಸುವ ಮೊದಲು ಶಬ್ದವು ಶುದ್ಧವಾಗಬೇಕು. ಖಾನಾಪುರದ ಸೊಸೆಯು ಮನೆಯಲ್ಲಿ ನಡೆಸುತ್ತಿರುವುದು ಶಾಸನಗಳ ಕಾಲದ ಬಿಟ್ಟಿ: ಕೂಲಿಯಿಲ್ಲದ ದುಡಿಮೆ. ಅದರ ಫಲವಾಗಿ ಬೆಳೆದ ಮಗನು ನಾಳೆ ರಾಜ್ಯಕ್ಕೆ ತೆರಿಗೆ ಕೊಡುತ್ತಾನೆ, ಅದರ ಸೈನ್ಯದಲ್ಲಿ ನಿಲ್ಲುತ್ತಾನೆ, ಅದರ ಶಾಲೆಯಲ್ಲಿ ಕಲಿಸುತ್ತಾನೆ. ಆ ದುಡಿಮೆಗೆ ಸಲ್ಲುವ ಅಲ್ಪ ಹಣವನ್ನು ಬಿಟ್ಟಿಯೆಂದು ಕರೆಯುವುದು ಸಾಲವನ್ನು ತೀರಿಸುವವನು ತಾನು ದಾನ ಮಾಡಿದೆನೆಂದು ಹೇಳಿಕೊಂಡಂತೆ.