ವಾಟ್ಸ್‌ಆ್ಯಪ್ ಗ್ರೂಪ್, ಜಾತ್ರೆ ಲೈವ್: ಮನೆಯಲ್ಲೇ ಒಂದು ಪ್ರತಿ ಇಟ್ಟುಕೊಳ್ಳೋದು ಹೇಗೆ?

ಕಲಬುರಗಿ: ಜಾತ್ರೆಯ ಲೈವ್ ವಿಡಿಯೋ ಫೇಸ್‌ಬುಕ್‌ನಾಗೇ ಅದ, ಬೇಕಾದಾಗ ನೋಡಿದ್ರಾಯ್ತು ಅಂತ ನಂಬಿರುವವರು ಒಮ್ಮೆ ತಮ್ಮ ಪೇಜ್ ತೆರೆದು ನೋಡ್ರಿ. 2025ರ ಫೆಬ್ರುವರಿ 19ರಿಂದ ನಿಯಮ ಬದಲಾಗಿದೆ. ಹೊಸ ಲೈವ್ ವಿಡಿಯೋ 30 ದಿನ ಮಾತ್ರ ಇರುತ್ತದೆ, ಆಮೇಲೆ ಅಳಿಸಿ ಹೋಗುತ್ತದೆ. ಶರಣಬಸವೇಶ್ವರರ ರಥೋತ್ಸವ ಇರಲಿ, ಬಂದೇನವಾಜ್ ಉರುಸ್ ಇರಲಿ, ತಿಂಗಳೊಳಗೆ ಡೌನ್‌ಲೋಡ್ ಮಾಡಿಕೊಳ್ಳದಿದ್ದರೆ ಮುಂದಿನ ವರ್ಷ ತೋರಿಸಲು ಏನೂ ಉಳಿಯಲ್ಲ.

ಇಂಥದ್ದು ಹಿಂದೆಯೂ ಆಗಿದೆ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು, ಗೂಗಲ್ ಪ್ಲಸ್ 2019ರ ಏಪ್ರಿಲ್ 2ಕ್ಕೆ, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ಕ್ಕೆ. ಮೂರೂ ಸಲ ಕಂಪನಿಗಳು ಮೊದಲೇ ನೋಟಿಸ್ ಕೊಟ್ಟಿದ್ದವು. ಅಂಥ ನೋಟಿಸ್ ಓದುವವರು ಎಷ್ಟು ಮಂದಿ ಹೇಳ್ರಿ!

ಈಗ ನಮ್ಮ ಕಡೆ ಎಲ್ಲವೂ ವಾಟ್ಸ್‌ಆ್ಯಪ್ ಮೇಲೆ ನಡೆಯುತ್ತದೆ. ತೊಗರಿ ದರ, ಕಮಲಾಪುರದ ಕೆಂಪು ಬಾಳೆ ಲೋಡ್, ರಕ್ತ ಬೇಕು ಎಂಬ ಕರೆ, ಸಾವಿನ ಸುದ್ದಿ, ಅಂಗಡಿಯ ಉದ್ರಿ ಲೆಕ್ಕ ಕೂಡ. ಗೊತ್ತಿರಬೇಕಾದ ಮಾತೆಂದರೆ, ಮೆಸೇಜ್ ತಲುಪಿದ ಮೇಲೆ ಅದು ವಾಟ್ಸ್‌ಆ್ಯಪ್ ಸರ್ವರ್‌ನಲ್ಲಿ ಉಳಿಯಲ್ಲ. ಇರೋದು ನಮ್ಮ ಫೋನ್‌ಗಳಲ್ಲಿ. ಆಂಡ್ರಾಯ್ಡ್‌ನವರ ಬ್ಯಾಕಪ್ ಗೂಗಲ್ ಖಾತೆಗೆ ಹೋಗುತ್ತದೆ. ಅಲ್ಲಿ ಉಚಿತ ಜಾಗ 15 ಜಿಬಿ, ಅದರಲ್ಲೇ ಜಿಮೇಲ್, ಫೋಟೋ ಎಲ್ಲ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಲೂಬಹುದು.

ಮನೆಯಲ್ಲಿ ಪ್ರತಿ ಇಡೋದು ಕಷ್ಟವೇನಲ್ಲ. ಗ್ರೂಪ್ ತೆರೆದು ಮೂರು ಚುಕ್ಕಿ ಒತ್ತಿ, 'ಎಕ್ಸ್‌ಪೋರ್ಟ್ ಚಾಟ್' ಆರಿಸಿ. ಬರುವ ಫೈಲ್ ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತದೆ. ದೊಡ್ಡ ಗ್ರೂಪ್ ಆದರೆ ಇತ್ತೀಚಿನ ಮೆಸೇಜ್‌ಗಳಷ್ಟೇ ಬರುತ್ತವೆ, ಹಾಗಾಗಿ ತಿಂಗಳಿಗೊಮ್ಮೆ ಮಾಡಬೇಕು. 'ಅಡ್ವಾನ್ಸ್ಡ್ ಚಾಟ್ ಪ್ರೈವಸಿ' ಆನ್ ಆಗಿದ್ದರೆ ಎಕ್ಸ್‌ಪೋರ್ಟ್ ಆಗಲ್ಲ, ಅಡ್ಮಿನ್‌ಗೆ ಕೇಳಬೇಕು. ಇನ್ನೊಂದು, ಈ ಫೈಲ್ ಓದಲಿಕ್ಕೆ ಮಾತ್ರ. ವಾಪಸ್ ವಾಟ್ಸ್‌ಆ್ಯಪ್‌ಗೆ ಹಾಕಲು ಬರಲ್ಲ.

ಇದಕ್ಕೆ ಮೂಲೆಗೆ ಬಿದ್ದ ಹಳೇ ಲ್ಯಾಪ್‌ಟಾಪ್ ಸಾಕು. ಸುಮಾರು 30 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 21-22 ಯೂನಿಟ್. 100 ವ್ಯಾಟ್‌ನ ಹಳೇ ಡೆಸ್ಕ್‌ಟಾಪ್ ಆದರೆ 72 ಯೂನಿಟ್, ಜೆಸ್ಕಾಂ ಬಿಲ್‌ನಲ್ಲಿ ಎದ್ದು ಕಾಣುತ್ತದೆ. ದಿನವಿಡೀ ಓಡಿಸುವ ಅಗತ್ಯವೇ ಇಲ್ಲ, ವಾರಕ್ಕೊಂದು ಸಂಜೆ ಸಾಕು. ನಮ್ಮ ಬೇಸಿಗೆ ಗೊತ್ತಲ್ಲ, ತಗಡಿನ ಶೀಟಿನ ಕೆಳಗೆ ಮಾತ್ರ ಇಡಬೇಡಿ.

ಒಂದೇ ಮನೆಯಲ್ಲಿ ಒಂದೇ ಪ್ರತಿ ಇದ್ದರೆ ಕಳ್ಳತನವಾದರೂ ಹೋಯ್ತು, ಡಿಸ್ಕ್ ಸುಟ್ಟರೂ ಹೋಯ್ತು. ಒಂದು ಕಲಬುರಗಿಯಲ್ಲಿ, ಇನ್ನೊಂದು ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿರುವ ಅಣ್ಣನ ಮನೆಯಲ್ಲಿ ಇದ್ದರೆ ಧೈರ್ಯ. 'ಸಿಂಕ್‌ಥಿಂಗ್' ಎಂಬ ಉಚಿತ ತಂತ್ರಾಂಶ ಎರಡೂ ಕಂಪ್ಯೂಟರ್‌ಗಳ ಫೋಲ್ಡರ್ ಸರಿಹೊಂದಿಸುತ್ತದೆ. ಮನೆಯ ಇಂಟರ್ನೆಟ್‌ಗೆ ಎಷ್ಟೋ ಸಲ ಸ್ವಂತ ಐಪಿ ವಿಳಾಸ ಇರಲ್ಲ, ಹಲವು ಮನೆಗಳಿಗೆ ಒಂದೇ ಇರುತ್ತದೆ. ಆದರೂ ಇದು ಕೆಲಸ ಮಾಡುತ್ತದೆ. ಎರಡೂ ಒಂದೇ ಹೊತ್ತಿಗೆ ಆನ್ ಇರಬೇಕು ಅಷ್ಟೇ. ಒಂದು ಎಚ್ಚರಿಕೆ: ಇಲ್ಲಿ ಅಳಿಸಿದ ಫೈಲ್ ಅಲ್ಲೂ ಅಳಿಯುತ್ತದೆ. 'ಫೈಲ್ ವರ್ಷನಿಂಗ್' ಆನ್ ಮಾಡಿ, ಬೇರೆಯಾಗಿ ಒಂದು ಹಾರ್ಡ್‌ಡಿಸ್ಕ್‌ನಲ್ಲೂ ಪ್ರತಿ ತೆಗೆದಿಡಿ.

ಇಡೀ ಸಮುದಾಯದ ಕೆಲಸವನ್ನೇ ಮನೆಗೆ ತರಬಹುದು ಎಂಬುದಕ್ಕೆ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಉದಾಹರಣೆ. ಅದರ ಪ್ರತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 'ಕಿವಿಕ್ಸ್' ಹಾಕಿದ ಕಂಪ್ಯೂಟರ್ ಒಂದಿದ್ದರೆ, ಇಂಟರ್ನೆಟ್ ಇಲ್ಲದಿದ್ದರೂ ಅದೇ ವೈಫೈನಲ್ಲಿರುವ ಎಲ್ಲ ಫೋನ್‌ಗಳಲ್ಲಿ ಓದಬಹುದು.

ಆದರೆ ವಿಕಿಪೀಡಿಯ ಎಲ್ಲರದ್ದು, ಗ್ರೂಪ್ ಹಾಗಲ್ಲ. ಅದರಲ್ಲಿ ಜನರ ನಂಬರ್, ಆಧಾರ್ ಫೋಟೋ, ಆಸ್ಪತ್ರೆ ರಿಪೋರ್ಟ್ ಇರುತ್ತವೆ. ಪ್ರತಿ ಇಡುತ್ತಿರುವುದನ್ನು ಸದಸ್ಯರಿಗೆ ಮೊದಲೇ ಹೇಳಿ, ಬೇಡ ಅಂದವರದ್ದನ್ನು ತೆಗೆಯಿರಿ, ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ. ಆ ಪಾಸ್‌ವರ್ಡ್ ಮನೆಯ ಇನ್ನೊಬ್ಬರಿಗೂ ಗೊತ್ತಿರಲಿ. ಮೂರು ತಿಂಗಳಿಗೊಮ್ಮೆ ಕಮಲಾಪುರದ ಕಂಪ್ಯೂಟರ್‌ನಲ್ಲಿ ಯಾವುದಾದರೂ ಹಳೇ ವಿಡಿಯೋ ಓಡುತ್ತದೆಯೇ ಅಂತ ಫೋನ್ ಮಾಡಿ ಕೇಳ್ರಿ.